ಕೆಂಪಾಗದ ಚೌಕ

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು. ನನ್ನ ಮೊಮ್ಮಗಳು ಪಲ್ಲವಿಯ ಬೆನ್ನಿನ ಮೇಲೆ ಡಾಕ್ಟರಮ್ಮ ಅಂಟಿಸಿದ್ದ ಚೌಕಗಳಲ್ಲಿ ತಲೆಗೂದಲ ಬಣ್ಣದ ಚೌಕ ಕೆಂಪಾಗಲಿಲ್ಲ! ಊದಲಿಲ್ಲ, ಗುಳ್ಳೆ ಏಳಲಿಲ್ಲ, ತುರಿಸಲೂ ಇಲ್ಲ. ಇದೂ ಒಂದು ಸುದ್ದಿಯೇನಜ್ಜಿ ಅಂತ ನಿಮಗೆ ಅನ್ನಿಸಬಹುದು. ನಿನ್ನೆ ನಾನು ಸಕ್ಕರೆ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದಾಗ ಅವರೂ, "ಏನಮ್ಮ, ಪಲ್ಲವಿಗೆ ಗಂಡು ಗೊತ್ತಾಯ್ತಾ?" ಅಂತ ಕೇಳಿದರು. "ಇಲ್ಲಮ್ಮ, ಅವಳ ಬೆನ್ನು ಕೆಂಪಾಗಿಲ್ಲ" ಅಂದೆ. ಪಾಪ, ಸಕ್ಕರೆ ಬಾಯಿಗೆ ಹಾಕಿಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತರು.

ಅವರದೇನೂ ತಪ್ಪಿಲ್ಲ. ನನಗೇ ಈ ವಿಷಯ ಪೂರ್ತಿ ತಿಳಿದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಸಂತೋಷ ಮಾತ್ರ ಪೂರ್ತಿ ಇದೆ, ಅದಕ್ಕೆ ಓದು ಬೇಕಾಗಲಿಲ್ಲ. ಎಡಗೈ ಮಡಚದೆ, ನೆಟ್ಟಗೆ ಒಂದು ಕಡೆ ಚಾಚಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನಮ್ಮ ಮನೆಯವರು ನಕ್ಕಂತೆ ನೀವೂ ನಕ್ಕುಬಿಡುತ್ತೀರಿ.

ಪಲ್ಲವಿ ನನ್ನ ಮಗ ಉಮೇಶನ ಮಗಳು. ನಾವೆಲ್ಲ ಇರುವುದು ಶಿವಮೊಗ್ಗದಲ್ಲಿ, ರಾಗಿಗುಡ್ಡದ ಹತ್ತಿರ. ಅವಳದು ಕೋಟೆ ಕಡೆ ಒಂದು ಬ್ಯೂಟಿ ಪಾರ್ಲರ್. ಪಾರ್ಲರ್ ಅಂದರೆ ದೊಡ್ಡದು ಅಂದುಕೊಳ್ಳಬೇಡಿ; ಒಂದು ಕನ್ನಡಿ, ಎರಡು ಕುರ್ಚಿ, ಹಿಂದೆ ಕೈ ತೊಳೆಯಲು ಒಂದು ಸಿಂಕು. ಎಷ್ಟೋ ವರ್ಷ ಇನ್ನೊಬ್ಬರ ಪಾರ್ಲರಿನಲ್ಲಿ ಕೂದಲು ಗುಡಿಸಿ, ಹುಬ್ಬು ತಿದ್ದಿ, ಕೈ ಪಳಗಿಸಿಕೊಂಡು ಹೋದ ದಸರಾಕ್ಕೆ ಸ್ವಂತದ್ದು ತೆರೆದಳು. ಬಾಗಿಲಿಗೆ ಮಾವಿನೆಲೆ ಕಟ್ಟಿದ್ದು ನಾನೇ. ಅವಳ ಕೈ ಬಣ್ಣ ಹಚ್ಚುವುದರಲ್ಲಿ ಬಹಳ ಚೆನ್ನ. ದೇವಸ್ಥಾನಕ್ಕೆ ಬರುವ ಹೆಂಗಸರು, ಮದುವೆ ಮನೆಯ ತಾಯಂದಿರು, ರಿಟೈರಾದ ಟೀಚರುಗಳು ಎಲ್ಲರೂ ಬರುವುದು ಬಿಳಿ ಕೂದಲು ಕಪ್ಪು ಮಾಡಿಸಿಕೊಳ್ಳಲು. ಆ ಬಣ್ಣ ಇಲ್ಲದಿದ್ದರೆ ಆ ಪಾರ್ಲರೂ ಇಲ್ಲ.

ನನಗೂ ಹಚ್ಚುತ್ತೀನಿ ಅಂತ ಮೊದಲ ದಿನದಿಂದ ಹಿಂದೆ ಬಿದ್ದಿದ್ದಳು. "ನನ್ನ ಅಜ್ಜಿ ತಲೇನೇ ಹತ್ತಿ ಉಂಡೆ ಥರ ಇದ್ರೆ ಕಸ್ಟಮರ್ ನನ್ನನ್ನ ಹೇಗೆ ನಂಬ್ತಾರೆ?" ಅನ್ನುವಳು. ನಾನು ಒಪ್ಪಿರಲಿಲ್ಲ. ಆ ಬಣ್ಣ ಕಲಸುವಾಗ ಒಂದು ವಾಸನೆ ಬರುತ್ತದೆ ನೋಡಿ, ಔಷಧಿ ಅಂಗಡಿಯಂತೆ ಸ್ವಲ್ಪ, ಮೂಗು ಚುರ್ರೆನ್ನುವಂತೆ ಸ್ವಲ್ಪ. ಅದು ಮೂಗಿಗೆ ಬಡಿದ ಕೂಡಲೇ ನನಗೆ ಕೋಟೆ ಮರೆತು ಭದ್ರಾವತಿ ನೆನಪಾಗುತ್ತಿತ್ತು. ನಮ್ಮ ಮನೆಯವರ ಅಂಗಿಯ ವಾಸನೆ.

ನಾವು ಬಾಳಿ ಬದುಕಿದ್ದು ಭದ್ರಾವತಿಯಲ್ಲಿ, ನ್ಯೂ ಟೌನ್ ಪಕ್ಕ. ಕಾರ್ಖಾನೆಯವರ ಕ್ವಾರ್ಟರ್ಸಿನಲ್ಲಲ್ಲ, ಅದರಾಚೆ ಒಂದು ಸಣ್ಣ ಮನೆಯಲ್ಲಿ. ನಮ್ಮ ಮನೆಯವರು ಕೆಲಸ ಮಾಡುತ್ತಿದ್ದದ್ದು ಖಾಸಗಿಯವರ ಒಂದು ಪ್ಯಾಟರ್ನ್ ಶಾಪಿನಲ್ಲಿ. ಕಬ್ಬಿಣ ಕರಗಿಸಿ ಎರಕ ಹೊಯ್ಯುವುದಕ್ಕೆ ಮೊದಲು ಆ ಸಾಮಾನಿನ ಆಕಾರವನ್ನು ಮರದಲ್ಲಿ ಮಾಡಬೇಕಂತೆ, ಆಮೇಲೆ ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯಬೇಕಂತೆ. ಆ ಮರದ ಆಕಾರ ಮಾಡುವ ಕೆಲಸ ಇವರದು. ಹಲಗೆಗೆ ಹಲಗೆ ಅಂಟಿಸಿ ಕೆತ್ತಬೇಕು. ಒದ್ದೆ ಮರಳಿಗೆ ಅಂಟು ಬಿಟ್ಟುಕೊಳ್ಳಬಾರದು. ಅದಕ್ಕೆ ಅವರ ಹತ್ತಿರ ಒಂದು ಅಂಟು ಇತ್ತು, ಕಪ್ಪು ಕೆಂಪು, ನೇರಳೆ ಹಣ್ಣಿನ ರಸ ಇದ್ದಂತೆ. ಅದಕ್ಕೆ ಒಂದು ಪುಡಿ ಕಲಸಬೇಕು, ಕಲಸುವಾಗ ಕಣ್ಣಲ್ಲಿ ನೀರು. "ಒಂದು ಸಲ ಕಚ್ಕೊಂಡ್ರೆ ಮುಗೀತು, ನೀರಲ್ಲಿ ಹಾಕಿ ಕುದಿಸಿದ್ರೂ ಬಿಡಲ್ಲ" ಅಂತ ಇವರು ಅದರ ಬಗ್ಗೆ ಹೇಳುವಾಗ ಸ್ವಂತ ತಮ್ಮನನ್ನು ಹೊಗಳಿದಂತೆ ಇರುತ್ತಿತ್ತು. ನಿಜ ಹೇಳಬೇಕೆಂದರೆ ತಮ್ಮನನ್ನು ಅಷ್ಟು ಹೊಗಳಿದ್ದು ನಾನು ಕೇಳಿಲ್ಲ.

ಆ ಅಂಟು ಕೈಯನ್ನೂ ಬಿಡುತ್ತಿರಲಿಲ್ಲ. ನನ್ನನ್ನು ನೋಡಲು ಬಂದ ದಿನ ಇವರು ನಡುಮನೆಯಲ್ಲಿ ಕಾಫಿ ಲೋಟಕ್ಕೆ ಕೈ ಚಾಚಿದಾಗ ಎರಡು ಅಂಗೈಯೂ ಕೆಂಪು! ಬಾಗಿಲ ಹಿಂದೆ ನಿಂತಿದ್ದ ನಮ್ಮ ಸೋದರತ್ತೆ, "ಅಯ್ಯೋ ಮಾರಾಯ್ತಿ, ಹುಡುಗಿ ನೋಡೋಕೆ ಬಂದೋನು ಮದರಂಗಿ ಹಚ್ಕೊಂಡು ಬಂದಿದಾನಲ್ಲೇ!" ಅಂದರು, ಪಿಸುಮಾತಿನಲ್ಲಿ ಅಂದುಕೊಂಡು ಇಡೀ ಮನೆಗೆ ಕೇಳುವಂತೆ. ನಮ್ಮ ಅಪ್ಪ ಗಂಟಲು ಸರಿ ಮಾಡಿಕೊಂಡು, "ಕೈಗೆ ಏನಪ್ಪಾ ಅದು?" ಅಂದರು. ಇವರು ತಡವರಿಸಿ, "ಅಂಟು, ಮಾವ" ಅಂದರು. ಇನ್ನೂ ಒಪ್ಪಿಗೆಯೇ ಆಗಿಲ್ಲ, ಆಗಲೇ ಮಾವ! ಎಲ್ಲರೂ ನಕ್ಕರು. ನಾನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಆ ಕೆಂಪು ಕೈಯ ಮನುಷ್ಯನನ್ನು ಆವತ್ತೇ ಒಪ್ಪಿಕೊಂಡುಬಿಟ್ಟೆ ಅನ್ನಿಸುತ್ತದೆ, ಇವರಿಗೆ ಮಾತ್ರ ಈವರೆಗೆ ಹೇಳಿಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ. ಪಲ್ಲವಿಯ ಕೈ ವಿಷಯ ಹೇಳುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಅವಳ ಮಣಿಕಟ್ಟಿನಲ್ಲಿ ಕೆಂಪಾಗಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಸರಿಯಾಗಿ ಬಳೆ ಕೂರುವ ಜಾಗದಲ್ಲಿ. ನಾನು ಬಳೆಯದೇ ದೋಷ ಅಂದುಕೊಂಡು ಬಳೆ ತೆಗೆಸಿದೆ. ಕಡಿಮೆಯಾಗಲಿಲ್ಲ. ಇವರು ನೋಡಿದವರೇ, "ಬಣ್ಣ ತಾಗಿದೆ ಕಣೇ. ನಮ್ಮ ಶಾಪಲ್ಲೂ ಅಂಟು ತಾಗಿ ಎಷ್ಟು ಜನಕ್ಕೆ ಹಿಂಗೇ ಆಗಿತ್ತು. ಗ್ಲೌಸು ದಪ್ಪಂದು ಹಾಕ್ಬೇಕು" ಅಂತ ಹೇಳಿ, ಗಾಂಧಿ ಬಜಾರಿಗೆ ಹೋಗಿ ಕಪ್ಪು ರಬ್ಬರಿನ ದಪ್ಪ ಗ್ಲೌಸು ತಂದುಕೊಟ್ಟರು. ಅವಳು ತನ್ನ ತೆಳು ಗ್ಲೌಸಿನ ಮೇಲೆ ಅದನ್ನೂ ಹಾಕಿಕೊಂಡಳು. ಗುಳ್ಳೆ ಮೊಣಕೈವರೆಗೆ ಹತ್ತಿತು. "ನೋಡಿದ್ಯಾ, ಬಣ್ಣ ಎಷ್ಟು ಕೆಟ್ಟದ್ದು! ಇಷ್ಟು ದಪ್ಪ ಗ್ಲೌಸನ್ನೇ ದಾಟ್ಕೊಂಡು ಬರ್ತಿದೆ" ಅಂದರು ಇವರು. ನಾನೂ ಹೌದು ಹೌದು ಅಂದೆ. ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಗ್ಲೌಸು ಹಾಕಿಸಿದೆ.

ಒಂದು ಸಂಜೆ ಉರಿ ತಡೆಯಲಾರದೆ ಹುಡುಗಿ ಅಳುತ್ತಾ ಬಂದಳು. ಇವರು ತಮ್ಮ ಕಾಲಿನ ಆಣಿಗೆ ಹಚ್ಚಿಕೊಳ್ಳುವ ಮುಲಾಮಿನ ಟ್ಯೂಬು ತಂದರು. "ಚರ್ಮದ್ದೇ ಔಷಧಿ, ಹಚ್ಚೇ" ಅಂದರು. ನಾನು ಹಚ್ಚಿದೆ. ಹುಡುಗಿ ಮನೆ ಹಾರಿಹೋಗುವ ಹಾಗೆ ಕಿರುಚಿದಳು. ನಲ್ಲಿ ಕೆಳಗೆ ಕೈಯಿಟ್ಟುಕೊಂಡೇ ಆ ಟ್ಯೂಬಿನ ಸಣ್ಣ ಅಕ್ಷರ ಓದಿದಳು.

"ಅಜ್ಜಿ! ಇದ್ರಲ್ಲಿ ರಿಸಾರ್ಸಿನಾಲ್ ಇದೆ! ನನ್ನ ಹೇರ್ ಕಲರ್ ಡಬ್ಬಿ ಮೇಲೆ ಇರೋದೂ ಇದೇ!"

ಇವರು ಕನ್ನಡಕ ಹುಡುಕಿ ತಂದು ತಾವೂ ಅಕ್ಷರ ಅಕ್ಷರ ಕೂಡಿಸಿ ಓದಿದರು. ಆಮೇಲೆ ಮೆಲ್ಲಗೆ, "ನಮ್ಮ ಅಂಟಿನ ಡ್ರಮ್ಮಿನ ಮೇಲೂ ಇದೇ ಹೆಸರು ಇತ್ತಲ್ಲೇ" ಅಂದರು.

ಅಲ್ಲಿಗೆ ನನ್ನ ತಲೆ ಕೆಟ್ಟಿತು ನೋಡಿ. ಅದೇ ಅಂಟು, ಅದೇ ಬಣ್ಣ, ಅದೇ ಮದ್ದು! ಹಲಗೆ ಕಚ್ಚುವುದನ್ನು ತಲೆಗೆ ಹಚ್ಚುತ್ತಾರೆಯೇ? ಚರ್ಮ ಸುಡುವುದನ್ನೇ ಚರ್ಮಕ್ಕೆ ಮದ್ದು ಅಂತ ಮಾರುತ್ತಾರೆಯೇ? ಪಲ್ಲವಿ ಫೋನು ನೋಡಿ ಹೇಳಿದಳು: ಅದು ನಿಜಕ್ಕೂ ಬಿಳಿ ಹರಳಂತೆ, ಗಾಳಿ ಬೆಳಕಿಗೆ ಬಿಟ್ಟರೆ ತಾನೇ ಗುಲಾಬಿಗೆ ತಿರುಗುತ್ತದಂತೆ, ನೀರಿಗೆ ಹಾಕಿದರೆ ಸಕ್ಕರೆಯಂತೆ ಕರಗುತ್ತದಂತೆ. ಒಂದರ ಜೊತೆ ಸೇರಿದರೆ ಬಣ್ಣ, ಇನ್ನೊಂದರ ಜೊತೆ ಸೇರಿದರೆ ಅಂಟು. ಲಾರಿ ಟೈರಿನ ಒಳಗೆ ರಬ್ಬರಿಗೂ ದಾರಕ್ಕೂ ಬೆಸುಗೆ ಹಾಕುವುದಕ್ಕೂ ಅದೇ. ಸ್ವಲ್ಪ ಹಾಕಿದರೆ ಮೊಡವೆಗೆ, ಆಣಿಗೆ ಮದ್ದು. ಜಾಸ್ತಿಯಾದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರಂತೂ ಕೇಳಲೇಬೇಡಿ. ಗಾಯದ ಮೇಲೆ ತಿಂಗಳುಗಟ್ಟಲೆ ಬಳಿದರೆ ರಕ್ತಕ್ಕೆ ಇಳಿದು ಥೈರಾಯ್ಡಿಗೂ ತೊಂದರೆಯಂತೆ.

"ಹಾಗಾದ್ರೆ ಅದು ಒಳ್ಳೇದೋ ಕೆಟ್ಟದ್ದೋ? ಒಂದು ಮಾತಲ್ಲಿ ಹೇಳೇ" ಅಂದೆ.

"ಒಂದು ಮಾತಲ್ಲಿ ಹೇಳೋಕೆ ಬರಲ್ಲ ಅಜ್ಜಿ."

"ನಿಮ್ಮ ಫೋನಿಗೇ ಬರಲ್ಲ ಅಂದ್ರೆ ನನಗೆ ಎಲ್ಲಿಂದ ಬರುತ್ತೆ!"

ರಾತ್ರಿ ಸಾರಿಗೆ ಹುಣಸೆಹಣ್ಣು ಕಿವುಚುತ್ತಾ ಸ್ವಲ್ಪ ಸಮಾಧಾನ ಬಂತು. ಹುಣಸೆಹಣ್ಣು ಸಾರಿಗೂ ಆಗುತ್ತದೆ, ತಾಮ್ರದ ಹಂಡೆ ತಿಕ್ಕುವುದಕ್ಕೂ ಆಗುತ್ತದೆ. ಅದರ ಬೀಜ ಬೇಯಿಸಿ ಅರೆದರೆ ಕಂಬಳಿಗೆ ಹಾಕುವ ಗಂಜಿ, ಕಾಗದ ಅಂಟಿಸುವ ಅಂಟು. ಕೈಯಲ್ಲಿ ಗಾಯ ಇದ್ದರೆ ಉರಿ. ಆದರೂ ನಾವು ಯಾರೂ ಹುಣಸೆಮರದ ಕೆಳಗೆ ನಿಂತು ನೀನು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿಲ್ಲ. ಇಷ್ಟು ಯೋಚಿಸಿ ಬಹಳ ತಿಳಿದವಳಂತೆ ಅದನ್ನು ಇವರಿಗೆ ಹೇಳಿದರೆ, "ಸಾರಿಗೆ ಉಪ್ಪು ಹಾಕಿಲ್ಲ" ಅಂದರು.

ಚರ್ಮದ ಡಾಕ್ಟರಮ್ಮ ಕೈ ನೋಡಿ, "ಹೇರ್ ಡೈ ಅಲರ್ಜಿ ಇರಬಹುದು. ಆ ಬಣ್ಣದಲ್ಲಿ ಇದೊಂದೇ ಅಲ್ಲ, ಇನ್ನೂ ಖಾರದವು ಇವೆ. ಒಂದಕ್ಕೆ ಒಗ್ಗಲ್ಲ ಅಂತ ಗೊತ್ತಾದ್ರೂ ಈ ಕೆಲಸ ಬಿಡಬೇಕಾಗುತ್ತೆ" ಅಂದರು. ಆಸ್ಪತ್ರೆಯಿಂದ ಬರುವಾಗ ಪಲ್ಲವಿ ಆಟೋದಲ್ಲಿ ಅಂಗಡಿಯ ಬೀಗದಕೈಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ನನಗೆ ಆ ಮಾವಿನೆಲೆ ಕಟ್ಟಿದ ಬಾಗಿಲೇ ಕಣ್ಣ ಮುಂದೆ.

ಯಾವುದು ಒಗ್ಗಲ್ಲ ಅಂತ ತಿಳಿಯಲು ಡಾಕ್ಟರಮ್ಮ ಹೇಳಿದ ಪರೀಕ್ಷೆ ಅಂದರೆ ಸೂಜಿ ಅಲ್ಲ. ಕೈಗೆ ತಾಗುವುದನ್ನೆಲ್ಲ ತನ್ನಿ ಅಂದಿದ್ದರು. ಬಣ್ಣ, ಶಾಂಪೂ, ಸೋಪು, ಎರಡು ತರದ ಗ್ಲೌಸು, ಎಲ್ಲ ಕೊಟ್ಟೆವು. ಅವರ ಹತ್ತಿರವೂ ಒಂದಷ್ಟು ಔಷಧಿ ಇದ್ದವು, ಅದರಲ್ಲಿ ನಮ್ಮ ರಿಸಾರ್ಸಿನಾಲೂ ಒಂದು. ಎಲ್ಲವನ್ನೂ ಚೂರು ಚೂರು ಬೆನ್ನಿಗೆ ಸಾಲಾಗಿ ಟೇಪು ಹಾಕಿ ಅಂಟಿಸಿ, ಪಕ್ಕದಲ್ಲಿ ಪೆನ್ನಿನಿಂದ ಗುರುತು ಹಾಕಿದರು. "ಎರಡು ದಿನ ಬಿಟ್ಟು ಟೇಪು ತೆಗೀತೀನಿ, ಇನ್ನೆರಡು ದಿನ ಬಿಟ್ಟು ಮತ್ತೆ ನೋಡ್ತೀನಿ. ಅಲ್ಲೀವರೆಗೆ ಬೆನ್ನಿಗೆ ನೀರು, ಎಣ್ಣೆ ಏನೂ ಸೋಕಬಾರದು. ಬೆವರಲೂಬಾರದು."

ಮಾರನೇ ದಿನ ಯುಗಾದಿ!

ಯುಗಾದಿ ದಿನ ನೀರೂ ಎಣ್ಣೆಯೂ ಸೋಕಬಾರದು ಅಂದರೆ ಹಬ್ಬ ಎಲ್ಲಿ ಬಂತು? ನಮ್ಮಲ್ಲಿ ಎಣ್ಣೆ ಹಚ್ಚಿಸಿಕೊಂಡು ತಲೆಗೆ ಎರೆದುಕೊಳ್ಳದೆ ಒಬ್ಬರೂ ಎಲೆ ಮುಂದೆ ಕೂರುವ ಹಾಗಿಲ್ಲ. ಸೊಸೆ ಶೋಭಾ, "ಅತ್ತೆ, ಅವಳು ಮುಖ ಕೈಕಾಲು ತೊಳ್ಕೊಂಡು ವಿಭೂತಿ ಇಟ್ಕೊಳ್ಳಲಿ, ಸಾಕು" ಅಂದಳು. ಸರಿ ಅಂದೆ. ಆದರೆ ಹುಡುಗಿ ಹೊಸ ಬಟ್ಟೆ ಹಾಕದೆ ಮೂಲೆಯಲ್ಲಿ ಕೂತದ್ದು ನೋಡಿದರೆ ಹೋಳಿಗೆ ಲಟ್ಟಿಸಲು ಕೈಯೇ ಬರಲಿಲ್ಲ. ಬೇಯಿಸಿದ ಬೇಳೆಯನ್ನು ಹಾಗೇ ಸಾರು ಮಾಡಿಬಿಟ್ಟೆ. "ಈ ಮನೇಲಿ ಯುಗಾದಿ ಪಲ್ಲವಿ ತಲೆಗೆ ನೀರು ಬಿದ್ದ ದಿನ. ಇವತ್ತು ಬರೀ ಅನ್ನ ಸಾರು" ಅಂತ ಹೇಳಿದೆ. ನನ್ನ ಮಗ ಉಮೇಶ, "ಅಮ್ಮ, ಪಂಚಾಂಗದವರಿಗೆ ಒಂದು ಮಾತು ತಿಳಿಸ್ಬಿಡು, ಅವರೂ ಬದಲಾಯಿಸ್ಕೊಳ್ಳಲಿ" ಅಂದ. ಅವನೂ ಎಣ್ಣೆ ಹಚ್ಚಿಸಿಕೊಳ್ಳಲಿಲ್ಲ. ಯಾರೂ ಹಚ್ಚಿಸಿಕೊಳ್ಳಲಿಲ್ಲ.

ಮಧ್ಯಾಹ್ನ ಕರೆಂಟು ಹೋಯಿತು. ಆ ಸೆಕೆಯಲ್ಲಿ ಬೆವರಬೇಡ ಅಂದರೆ ಹೇಗೆ? ಇವರು ಬೀಸಣಿಗೆ ಹಿಡಿದು ಅವಳ ಬೆನ್ನಿಗೆ ಗಾಳಿ ಹಾಕುತ್ತಾ ಕೂತರು. ಹಾಕುತ್ತಾ ಹಾಕುತ್ತಾ ಟೇಪಿನ ಒಂದು ತುದಿ ಎದ್ದದ್ದು ಕಂಡಿತು. ಇವರು ಸದ್ದಿಲ್ಲದೆ ಎದ್ದು ಹೋಗಿ ತಮ್ಮ ಹಳೇ ಮರದ ಪೆಟ್ಟಿಗೆಯಿಂದ ಅಂಟಿನ ಬಾಟ್ಲಿ ತಂದರು!

"ರೀ! ಏನ್ರೀ ಅದು?"

"ಸಾಗವಾನಿ ಹಲಗೆ ಅಂಟಿಸಿದೋನು ಕಣೇ ನಾನು. ಒಂದು ಟೇಪು ಅಂಟಿಸೋಕೆ ಬರಲ್ವಾ?"

"ಅದು ಮೊಮ್ಮಗಳ ಬೆನ್ನು, ಹಲಗೆ ಅಲ್ಲ!" ಅಂತ ನಾನೂ ಶೋಭಾನೂ ಒಟ್ಟಿಗೆ ಕೂಗಿ ಬಾಟ್ಲಿ ಕಿತ್ತುಕೊಂಡೆವು. ಅಷ್ಟು ದಿನದಲ್ಲಿ ಮೊದಲ ಸಲ ಪಲ್ಲವಿ ನಕ್ಕಳು. "ಅಜ್ಜ, ಅದು ಅಂಟ್ಕೊಂಡ್ರೆ ನನ್ನನ್ನ ಕುದಿಸಿದ್ರೂ ಬಿಡಲ್ಲ ಅಲ್ವಾ?" ಅಂದಳು. ಡಾಕ್ಟರಮ್ಮನ ನರ್ಸಿಗೆ ಫೋನು ಮಾಡಿದೆವು. ಮೇಲೆ ಇನ್ನೊಂದು ಟೇಪು ಹಾಕಿ ಸಾಕು ಅಂದರು.

ಟೇಪು ತೆಗೆಯುವ ದಿನ ನಾನೂ ಹೋಗಿದ್ದೆ. ತೆಗೆದಾಗ ಏನು ಹೇಳಲಿ, ಬೆನ್ನೆಲ್ಲ ಕೆಂಪು! ಒಂದು ಚೌಕವನ್ನೂ ಬಿಟ್ಟಿಲ್ಲ; ಅಂದ ಮೇಲೆ ಬಣ್ಣದ್ದೂ ಕೆಂಪು, ರಿಸಾರ್ಸಿನಾಲಿನದೂ ಕೆಂಪು. ಪಲ್ಲವಿಗೆ ಬೆನ್ನು ಕಾಣುವುದಿಲ್ಲವಲ್ಲ, ಅವಳು ನನ್ನ ಮುಖ ನೋಡಿ ತಿಳಿದುಕೊಂಡಳು. ಡಾಕ್ಟರಮ್ಮ ಮಾತ್ರ, "ಇದು ಬಹಳಷ್ಟು ಟೇಪಿನ ಕೆಂಪು, ಇಳಿಯುತ್ತೆ. ಯಾವುದು ಇಳಿಯಲ್ಲ ಅಂತ ನೋಡ್ಬೇಕು. ಅದಕ್ಕೇ ಇನ್ನೊಂದು ಸಲ ಬನ್ನಿ ಅಂದಿದ್ದು" ಅಂದರು.

ಆ ಎರಡು ದಿನ ನಾನು ಬೇರೆ ಏನು ಮಾಡಿದೆನೋ ನೆನಪಿಲ್ಲ. ಹೊತ್ತು ಹೊತ್ತಿಗೆ ಅವಳ ಬೆನ್ನು ನೋಡುವುದು. ಒಮ್ಮೆ ಕೆಂಪು ಇಳಿದಂತೆ ಕಾಣುವುದು, ಕಿಟಕಿ ಹತ್ತಿರ ನಿಲ್ಲಿಸಿದರೆ ಮತ್ತೆ ಕೆಂಪು. ಯಾವ ಗುರುತು ಯಾವುದರದ್ದು ಅಂತಲೂ ನನಗೆ ಗೊತ್ತಿಲ್ಲ. ಕೆಳಗಿನ ಸಾಲಿನಲ್ಲಿ ಎರಡು ಮಾತ್ರ ದಿನದಿನಕ್ಕೆ ದಪ್ಪವಾಗುತ್ತಿದ್ದವು. ಅವೇ ಬಣ್ಣದ್ದು ಅಂತ ನಾನೇ ತೀರ್ಮಾನ ಮಾಡಿಕೊಂಡು ದೇವರ ಮನೆಯಲ್ಲಿ ಕೂತು ಅತ್ತೆ.

ನಿನ್ನೆ ಬೆಳಿಗ್ಗೆ ಡಾಕ್ಟರಮ್ಮ ಬೆನ್ನ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ಆ ದಪ್ಪಗಾದ ಎರಡರ ಮೇಲೆ ಬೆರಳಿಟ್ಟು, "ಇವು ಗ್ಲೌಸಿನ ಚೂರುಗಳು" ಅಂದರು.

ನಮಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದರು. ಬಣ್ಣದ್ದು ಏನೂ ಇಲ್ಲ. ರಿಸಾರ್ಸಿನಾಲೂ ಏನೂ ಮಾಡಿಲ್ಲ; ಆವತ್ತು ಮುಲಾಮು ಉರಿದದ್ದು ಗುಳ್ಳೆ ಎದ್ದ ಚರ್ಮಕ್ಕೆ ಹಚ್ಚಿದ್ದರಿಂದ. ಒಗ್ಗದೇ ಇರುವುದು ಗ್ಲೌಸು! ರಬ್ಬರು ಗಟ್ಟಿಯಾಗಲಿ ಅಂತ ಅದಕ್ಕೆ ಏನೋ ಮಸಾಲೆ ಸೇರಿಸುತ್ತಾರಂತೆ, ಅದು.

"ಮತ್ತೆ ಟೈರಿಗೆ ಹಾಕ್ತಾರಂತಲ್ಲ, ಆ ರಿಸಾರ್ಸಿನಾಲೇ ಗ್ಲೌಸಲ್ಲೂ ಇರ್ಬೇಕಲ್ಲ ಡಾಕ್ಟ್ರಮ್ಮ?" ಅಂತ ನನ್ನ ಜ್ಞಾನವನ್ನೆಲ್ಲ ಸೇರಿಸಿ ಕೇಳಿದೆ. ಅವರು ನಕ್ಕು, "ಇಲ್ಲ ಅಜ್ಜಿ, ಇದು ಬೇರೆ. ಮಣಿಕಟ್ಟಿನಲ್ಲಿ ಶುರುವಾಗಿತ್ತಲ್ಲ, ಗ್ಲೌಸಿನ ಅಂಚು ಅಲ್ಲೇ ತಾನೇ ಮುಗಿಯೋದು?" ಅಂದರು. ಬಳೆ ಕೂರುವ ಜಾಗ! ದಿನಾ ನೋಡಿದ್ದೆ. "ಈ ಮಸಾಲೆ ಇಲ್ಲದ ಬೇರೆ ತರದ ಗ್ಲೌಸು ಸಿಗುತ್ತೆ, ಅದನ್ನ ಹಾಕ್ಕೊ. ಗ್ಲೌಸಿಲ್ಲದೆ ಮಾತ್ರ ಬಣ್ಣ ಮುಟ್ಬೇಡ, ಈಗ ಒಗ್ಗಿದ್ದು ಮುಂದೆ ಒಗ್ಗದೇ ಹೋಗಬಹುದು. ಅಂಗಡಿ ಧಾರಾಳವಾಗಿ ನಡೆಸು" ಅಂದರು ಪಲ್ಲವಿಗೆ.

ಹುಡುಗಿ ಅಲ್ಲೇ ನನ್ನನ್ನು ತಬ್ಬಿಕೊಂಡಳು. ಮನೆಗೆ ಬಂದು ಹೇಳಿದರೆ ಇವರ ಮುಖ ನೋಡಬೇಕಿತ್ತು. ಸಂತೋಷಪಡುವುದೋ ಬೇಜಾರಾಗುವುದೋ ತಿಳಿಯದೆ, "ಅಂದ್ರೆ ನಾನು ತಂದ ದಪ್ಪ ಗ್ಲೌಸು..." ಅಂತ ಅರ್ಧಕ್ಕೇ ನಿಲ್ಲಿಸಿದರು. ಪಲ್ಲವಿ ಅವರ ಕೈ ಹಿಡಿದುಕೊಂಡು, "ಪ್ರೀತಿಯಿಂದ ತಂದಿದ್ರಿ ಅಜ್ಜ, ಅದಕ್ಕೇ ಅಷ್ಟು ಚೆನ್ನಾಗಿ ಕಚ್ಕೊಳ್ತು" ಅಂದಳು. ಆ ಅಂಗೈಯಲ್ಲಿ ಈಗ ಕೆಂಪಿಲ್ಲ, ಬರೀ ಗೆರೆಗಳು.

ಸಂಜೆ ನಮ್ಮ ಮನೆಗೆ ಯುಗಾದಿ ಬಂತು. ಹಂಡೆಗೆ ಉರಿ ಹಾಕಿದೆ. ಶೋಭಾ ಹೂರಣ ರುಬ್ಬಿದಳು. ಎಣ್ಣೆ ಬಿಸಿ ಮಾಡಿ ಪಲ್ಲವಿಯ ನೆತ್ತಿಗೆ ತಟ್ಟಿ, ಬೆನ್ನಿಗೂ ತಿಕ್ಕಿದೆ. ಪೆನ್ನಿನ ಗುರುತುಗಳು ಎಣ್ಣೆಯಲ್ಲಿ ಕರಗಿ ಬೆನ್ನೆಲ್ಲ ನೀಲಿಯಾಯಿತು. ಹಾಗೆ ತಿಕ್ಕುತ್ತಾ ತಿಕ್ಕುತ್ತಾ ಏನೋ ಉಕ್ಕಿ ಬಂದು, "ನನ್ನ ತಲೆಗೂ ಬಣ್ಣ ಹಚ್ಚೇ" ಅಂದುಬಿಟ್ಟೆ.

ಅವಳು ತಟ್ಟನೆ ತಿರುಗಿದಳು. ಸ್ನಾನ ಮುಗಿಸಿದವಳೇ, ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತೇನೋ ಅಂತ, ಡಬ್ಬಿ ತಂದು ನನ್ನ ಎಡ ಮೊಣಕೈಯ ಒಳಮೈಗೆ ಒಂದು ಚುಕ್ಕೆ ಇಟ್ಟಳು. "ಯಾರಿಗೇ ಆದ್ರೂ ಮೊದಲು ಹಿಂಗೆ ಇಟ್ಟು ನೋಡ್ತೀನಿ ಅಜ್ಜಿ. ಎರಡು ದಿನ ನೀರು, ಎಣ್ಣೆ ಏನೂ ಸೋಕಬಾರದು."

"ಅಯ್ಯೋ! ನನ್ನ ಎಣ್ಣೆ ನೀರು?"

ಎಲ್ಲರಿಗೂ ಎರೆದು ಕೊನೆಗೆ ನಾನು ಅಂತ ಕಾದಿದ್ದೆ. ಹಂಡೆ ತುಂಬ ನೀರು ಕುದಿಯುತ್ತಿದೆ, ನಾನು ಕೈ ಚಾಚಿಕೊಂಡು ನಿಂತಿದ್ದೇನೆ. ಉಮೇಶ ಬಚ್ಚಲಿನಿಂದಲೇ, "ಅಮ್ಮ, ಹಂಗಾದ್ರೆ ಯುಗಾದಿ ಮತ್ತೆ ಎರಡು ದಿನ ಮುಂದಕ್ಕಾ?" ಅಂತ ಕೂಗಿದ.

ಮುಂದಕ್ಕೆ ಹಾಕಲಿಲ್ಲ. ಮುಖ ಕಾಲು ತೊಳೆದು ವಿಭೂತಿ ಇಟ್ಟುಕೊಂಡೆ, ಸಾಕು ಅನ್ನಿಸಿತು. ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿದೆವು. ಎಲ್ಲರ ತಲೆಯಿಂದಲೂ ಸೀಗೆಪುಡಿ ವಾಸನೆ, ನನ್ನ ತೋಳಿನಿಂದ ಮಾತ್ರ ಆ ಭದ್ರಾವತಿಯ ವಾಸನೆ. ಹೋಳಿಗೆ ಬಡಿಸಲು ಹೋದರೆ ಪಲ್ಲವಿ ಬಿಡಲಿಲ್ಲ, ನನ್ನನ್ನು ಇವರ ಪಕ್ಕದಲ್ಲೇ ಕೂರಿಸಿ ತಾನೇ ತುಪ್ಪ ಬಡಿಸಿದಳು. ಎಡಗೈ ಎಲ್ಲಿಯೂ ತಾಗದಂತೆ ಚಾಚಿಕೊಂಡು ಬಲಗೈಯಲ್ಲಿ ಹೋಳಿಗೆ ಮುರಿಯುತ್ತಿದ್ದೆ. ಇವರು ಬಗ್ಗಿ ಆ ಚುಕ್ಕೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಅಯ್ಯೋ ಮಾರಾಯ್ತಿ, ಮದರಂಗಿ ಹಚ್ಕೊಂಡು ಬಂದಿದಾಳಲ್ಲೇ!" ಅಂದರು.

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳಲು ಹೋದೆ. ಎಡಗೈ ಮಡಚುವ ಹಾಗಿಲ್ಲ, ಬಲಗೈ ತುಂಬ ತುಪ್ಪ. ಎಲ್ಲರ ಮುಂದೆ ಹಾಗೇ ನಕ್ಕುಬಿಟ್ಟೆ.